ಕಾಳಿ ನದಿಯಲ್ಲಿ ನೀರಿಗಾಗಿ ಕಾದ ಬೆಳಗು

ಡಿಸೆಂಬರ್ ರಜೆಯಲ್ಲಿ ತಮ್ಮನ ಮನೆಯವರೂ ನಾವೂ ಸೇರಿ ಎಂಟು ಮಂದಿ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಹೋಗಿ, ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿ ಬಂದೆವು. ಎಂಟು ಗಂಟೆಗೇ ದಡ ಸೇರಿದ್ದರೂ ಹತ್ತಾದರೂ ರಾಫ್ಟ್ ನೀರಿಗಿಳಿಯಲಿಲ್ಲ. ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತಿದ್ದವು. ಮೇಲಿರುವ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿ ನೀರು ಹೊರಬಿದ್ದ ಮೇಲಷ್ಟೇ ಇಲ್ಲಿ ರಾಫ್ಟ್ ಓಡಿಸಲು ಸಾಧ್ಯವೆಂದು ಗೈಡ್ ಹೇಳಿದರು. ತಲಾ 50 ಮೆಗಾವಾಟ್‌ನ ಎರಡು ಯಂತ್ರಗಳು ಯಾವಾಗ ಓಡುತ್ತವೆಯೋ ಆಗ ತುಂಬಿ, ನಿಂತಾಗ ಸೊರಗುವ ನದಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಕಾಯುವ ಹೊತ್ತಿನಲ್ಲಿ ಗೈಡ್ ಹುಟ್ಟು ಹಿಡಿಯುವುದನ್ನು ಕಲಿಸಿದರು. ಹುಟ್ಟಿನ ತುದಿಯ ಅಡ್ಡಹಿಡಿಯನ್ನು ಅಂಗೈಯಿಂದ ಸದಾ ಮುಚ್ಚಿಕೊಂಡಿರಬೇಕು, ಇಲ್ಲವಾದರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದವರು ಎದ್ದು ನಿಲ್ಲಲು ಹೋಗದೆ, ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ ತೇಲಬೇಕು, ಏಕೆಂದರೆ ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿಕೊಂಡರೆ ಪ್ರವಾಹ ಮೈಯನ್ನು ಒತ್ತಿ ಮುಳುಗಿಸಿಬಿಡುತ್ತದೆ. ಈ ಮಾತನ್ನು ಅವರು ಮೂರು ಸಲ ಹೇಳಿದರು.

ಆ ಮಾತು, ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಎರಡನೆಯ ರ‍್ಯಾಪಿಡ್‌ನಲ್ಲೇ ಉಪಯೋಗಕ್ಕೆ ಬಂತು. ರಾಫ್ಟ್ ಓರೆಯಾಗಿ ಬಂಡೆಯೇರಿ ಇಳಿದಾಗ ತಮ್ಮನ ಮಗಳು ಅಂಚಿನಿಂದ ಜಾರಿದಳು. ನನಗೆ ಕಂಡದ್ದು ಕೆಂಪು ಹೆಲ್ಮೆಟ್ ಮತ್ತು ನೀರಿನ ಮೇಲೆದ್ದ ಎರಡು ಬೂಟುಗಳು. ಹೇಳಿಕೊಟ್ಟಂತೆಯೇ ಅವಳು ಅಂಗಾತ ತೇಲುತ್ತಿದ್ದಳು. ಗೈಡ್ ಅವಳ ಲೈಫ್ ಜಾಕೆಟ್‌ನ ಭುಜದ ಪಟ್ಟಿಗಳನ್ನು ಹಿಡಿದು, ತಾವು ಹಿಂದಕ್ಕೆ ಬೀಳುತ್ತಾ ಒಂದೇ ಎಳೆತಕ್ಕೆ ಒಳಗೆ ತಂದರು. ಅವಳು ಅಳಲಿಲ್ಲ, ಆದರೆ ಮುಂದಿನ ತಿರುವಿನವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಆಮೇಲಿನ ಹಾದಿ ಹೆಚ್ಚುಕಡಿಮೆ ಶಾಂತವಾಗಿತ್ತು.

ಸಂಜೆ ನಾವು ಇಳಿದುಕೊಂಡಿದ್ದ ಮನೆಯ ಅಜ್ಜಿ, ತಮ್ಮ ತವರು ಸೂಪಾ ಎಂದರು. 101 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿಂದೆ ಊರು ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂದದ್ದನ್ನು ಓದಿ ತಿಳಿದಿದ್ದೆನಾದರೂ, ಅಲ್ಲಿ ಬೆಳೆದವರ ಬಾಯಿಂದ ಕೇಳಿರಲಿಲ್ಲ. ಬೆಳಿಗ್ಗೆ ನಮ್ಮ ಮುಖಕ್ಕೆ ರಾಚಿದ್ದು ಅವರ ಊರಿನ ಮೇಲೆ ನಿಂತಿದ್ದ ನೀರು. "ನೀರು ಬಹಳ ತಣ್ಣಗಿತ್ತೇ?" ಎಂದು ಅವರು ಮಗುವನ್ನು ಕೇಳಿ, ಒಲೆಯ ಹತ್ತಿರ ಕೂರಿಸಿಕೊಂಡು ಅವಳ ಒದ್ದೆ ಜಡೆ ಬಿಚ್ಚತೊಡಗಿದರು.