ಪ್ಯಾಸೇಜ್ ಬಾಗಿಲು ಆರಿಸುವ ಮೊದಲು ಸಂಜೆ ನಾಲ್ಕಕ್ಕೆ ಸೈಟಿಗೆ ಹೋಗಿ

ಕರಾವಳಿಯಲ್ಲಿ ಮನೆ ಕಟ್ಟಿಸುವವರಿಗೆ ಈಗ ಮರದ ಬಾಗಿಲೆಂದರೆ ಭಯ. ಜೂನ್ ಬಂತೆಂದರೆ ಫ್ಲಶ್ ಡೋರ್ ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ನೆಲ ಒರೆಸಿದ ನೀರು ತಾಗಿ ತಾಗಿ ಕೆಳಗಿನ ಅಂಚು ಪದರ ಬಿಡುತ್ತದೆ. ಗೆದ್ದಲು ಹಿಡಿದರಂತೂ ಕೇಳುವುದೇ ಬೇಡ. ಹಾಗಾಗಿ ನಮ್ಮ ಆಫೀಸಿಗೆ ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ, "ಒಳಗಿನ ಬಾಗಿಲೆಲ್ಲ ಡಬ್ಲ್ಯೂಪಿಸಿ ಹಾಕಿಬಿಡಿ, ಪ್ಲಾಸ್ಟಿಕ್ ಆದರೆ ತಲೆನೋವಿಲ್ಲ" ಎನ್ನುತ್ತಾರೆ. ಡಬ್ಲ್ಯೂಪಿಸಿ ಅಂದರೆ ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್ ಹಲಗೆ. ನಾನು ಇಂಟೀರಿಯರ್ ಕಂಪನಿಯೊಂದರಲ್ಲಿ ಸೈಟ್ ಸೂಪರ್‌ವೈಸರ್. ಮಂಗಳೂರು, ಉಡುಪಿ ಕಡೆಯ ಸೈಟುಗಳು ನನ್ನ ತಲೆ ಮೇಲೆ. ತಲೆನೋವಿಲ್ಲ ಎನ್ನುವ ಆ ಮಾತನ್ನು ನಾನು ಒಪ್ಪುವುದಿಲ್ಲ. ನೀರಿಗೆ ಹೆದರದ ಈ ಬಾಗಿಲು ಬಿಸಿಲಿಗೆ ಹೆದರುತ್ತದೆ. ಇದನ್ನು ಕ್ಯಾಟಲಾಗ್ ಹೇಳುವುದಿಲ್ಲ, ನಮ್ಮ ಸೇಲ್ಸ್‌ನವರೂ ಹೇಳುವುದಿಲ್ಲ.

ಬಾತ್‌ರೂಮ್ ಬಾಗಿಲಿನ ಲೆಕ್ಕ ಬೇರೆ. ಅದು ಚಿಕ್ಕದು, ನೆರಳಲ್ಲಿರುತ್ತದೆ, ಅಲ್ಲಿ ಪ್ಲಾಸ್ಟಿಕ್ಕೇ ಸರಿ. ಪ್ಯಾಸೇಜಿನ ಬಾಗಿಲಿಗೆ ಇಡೀ ಮನೆಯ ಗಾಳಿ ಹೊಡೆಯುತ್ತದೆ. ಎದುರು ಬದುರು ಕಿಟಕಿ ತೆರೆದಿದ್ದರೆ ದಿನಕ್ಕೆ ಎಷ್ಟು ಸಲ ಢಬ್ ಎಂದು ಬಡಿಯುತ್ತದೋ ಲೆಕ್ಕವಿಲ್ಲ. ಸಿಲಿಂಡರ್, ಫ್ರಿಜ್, ಮಂಚ ಎಲ್ಲವೂ ಅದರ ಅಂಚಿಗೆ ಉಜ್ಜಿಕೊಂಡೇ ಹೋಗಬೇಕು. ತುದಿಯಲ್ಲಿ ಕಿಟಕಿ ಇದ್ದರೆ ಬಿಸಿಲು ನೇರ ಅದರ ಮುಖಕ್ಕೇ ಬೀಳುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಉಡುಪಿ ಕಡೆಯ ಒಂದು ಮನೆಯಲ್ಲಿ ಹೀಗೇ ಆಯಿತು. ಪ್ಯಾಸೇಜಿನ ಒಂದು ತುದಿಗೆ ದೊಡ್ಡ ಪಡುವಣ ಕಿಟಕಿ, ಇನ್ನೊಂದು ತುದಿಗೆ ಬೆಡ್‌ರೂಮ್ ಬಾಗಿಲು. 30 ಮಿಮೀ ಡಬ್ಲ್ಯೂಪಿಸಿ ಶಟರ್, ಅಂದರೆ ಬಾಗಿಲಿನ ಹಲಗೆ, ಎರಡೂ ಕಡೆ ಕಡು ಕಂದು ಫಾಯಿಲ್. ತ್ರೀಡಿ ರೆಂಡರ್‌ನಲ್ಲಿ ಹಾಗೇ ತೋರಿಸಿದ್ದರು, ಮನೆಯವರಿಗೂ ಇಷ್ಟವಾಗಿತ್ತು, ಬಿಓಕ್ಯೂನಲ್ಲಿ, ಅಂದರೆ ಸಾಮಾನು ಮತ್ತು ಅಳತೆಯ ಪಟ್ಟಿಯಲ್ಲಿ, ಅದೇ ಬಂತು. ಹ್ಯಾಂಡೋವರ್ ಬೆಳಿಗ್ಗೆ ಹೊತ್ತಲ್ಲಿ ಆಗಿತ್ತು. ಬಾಗಿಲು ಒಂದು ಬೆರಳಲ್ಲಿ ಮುಚ್ಚಿಕೊಳ್ಳುತ್ತಿತ್ತು.

ಗೃಹಪ್ರವೇಶದ ಹಿಂದಿನ ಸಂಜೆ ವಾಸ್ತು ಪೂಜೆ, ರಾಕ್ಷೋಘ್ನ ಹೋಮ. ಲಾಫ್ಟ್‌ನ ಸ್ವಲ್ಪ ಕೆಲಸ ಬಾಕಿ ಇದ್ದುದರಿಂದ ನಾನೂ ಬಡಗಿ ಆಚಾರ್ರೂ ಅಲ್ಲೇ ಇದ್ದೆವು. ಹಾಲ್‌ನಲ್ಲಿ ಭಟ್ರು ಮಂಡಲ ಬರೆದು ಮುಗಿಸಿದ್ದರು. ಮನೆಯ ಯಜಮಾನಿ ಅಕ್ಕ ಸೀರೆ ಉಟ್ಟು ಬರುತ್ತೇನೆಂದು ಆ ರೂಮಿಗೆ ಹೋಗಿ ಮೇಲಿನ ಟವರ್ ಬೋಲ್ಟ್, ಅಂದರೆ ದಾರಂದದ ತೂತಿಗೆ ಏರಿಸುವ ಚಿಲಕ, ಹಾಕಿಕೊಂಡರು. ಹೊಸ ಎಸಿ ಹೇಗಿದೆ ನೋಡೋಣವೆಂದು ಮಧ್ಯಾಹ್ನದಿಂದಲೇ ಹಾಕಿಟ್ಟಿದ್ದರು, ಒಳಗೆ ಒಳ್ಳೆಯ ತಂಪು. ಹೊರಗೆ ಪ್ಯಾಸೇಜಿನಲ್ಲಿ ಸಂಜೆ ಬಿಸಿಲು ಬಾಗಿಲಿನ ತಲೆಯಿಂದ ಕಾಲಿನವರೆಗೆ ಹೊಡೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕನ ದನಿ, "ಬೋಲ್ಟ್ ಬರ್ತಾ ಇಲ್ಲ."

ಬೋಲ್ಟಿಗೆ ಪೇಂಟ್ ಸಿಕ್ಕಿಕೊಂಡಿದೆ ಎಂದೇ ನನ್ನ ಲೆಕ್ಕ. ಕೆಲಸದ ಕೊರತೆಗಳನ್ನು ಬರೆಯುವ ಸ್ನ್ಯಾಗ್ ಲಿಸ್ಟ್‌ನಲ್ಲಿ "ಟವರ್ ಬೋಲ್ಟ್ ಟೈಟ್" ಎಂದು ಮೊದಲೇ ಒಂದು ಸಾಲಿತ್ತು, ಪೇಂಟರ್ ಕೆರೆದು ಎಣ್ಣೆ ಬಿಟ್ಟು ಕ್ಲೋಸ್ ಮಾಡಿದ್ದ. ಹಾಗಾಗಿ ನಾನು, "ಅಕ್ಕ, ನೀವು ಹ್ಯಾಂಡಲ್ ಹಿಡಿದು ಒಳಗೆ ಎಳೆಯಿರಿ, ನಾವು ಈಚೆಯಿಂದ ತಳ್ಳುತ್ತೇವೆ, ಅಲುಗಿದಾಗ ಬೋಲ್ಟ್ ಸಡಿಲ ಆಗ್ತದೆ" ಎಂದೆ. ಬಾಗಿಲು ತೆರೆಯುವುದು ರೂಮಿನೊಳಕ್ಕೆ. ತಳ್ಳಿದೆವು. ಬೋಲ್ಟ್ ಇನ್ನಷ್ಟು ಬಿಗಿಯಿತು. ಇನ್ನೂ ಜೋರಾಗಿ ತಳ್ಳಿದೆವು. ಹಾಲ್‌ನಿಂದ ಭಟ್ರು, "ದಂಪತಿಗಳು ಬರಬೇಕು, ಸಂಕಲ್ಪಕ್ಕೆ ಕೂರಬೇಕು" ಎಂದು ಕರೆದರು. ಯಜಮಾನರು ಪಂಚೆ ಶಲ್ಯದಲ್ಲಿ ಬಂದು ನನ್ನ ಮುಖ ನೋಡುತ್ತಾ ನಿಂತರು. ಅವರ ತಮ್ಮ, ಗಟ್ಟಿ ಆಳು, "ಬದಿಗೆ ಸರಿಯಿರಿ, ಒಂದು ಕೊಟ್ಟರೆ ಬರ್ತದೆ" ಎಂದು ಭುಜ ಕೊಟ್ಟೇ ಬಿಟ್ಟರು. ಮೇಲಿನ ಹಿಂಜ್ ಹತ್ತಿರ ಕರ್ ಎಂದು ಸದ್ದು. ಆ ಸದ್ದು ನನಗೆ ಗೊತ್ತು, ಡಬ್ಲ್ಯೂಪಿಸಿ ಒಳಗೆ ಸ್ಕ್ರೂ ಹಲ್ಲು ಬಿಡುವ ಸದ್ದು. ಇನ್ನೊಂದು ಹೊಡೆತ ಬಿದ್ದಿದ್ದರೆ ಮೂವತ್ತೈದು ಕೆಜಿ ಶಟರ್ ಒಳಗೆ ನಿಂತ ಹೆಂಗಸಿನ ಮೇಲೆ ಬೀಳುತ್ತಿತ್ತು. ಆ ತಮ್ಮನ ಎರಡೂ ಕೈ ಹಿಡಿದು ನಿಲ್ಲಿಸಿದೆ. ಅವರಿಗೆ ಸಿಟ್ಟು ಬಂತು, ಬರಲಿ.

ಗಲಾಟೆ ಕೇಳಿ ಆಚಾರ್ರು ಅಡುಗೆಮನೆಯಿಂದ ಬಂದರು. ಬೋಲ್ಟ್ ಬಗ್ಗೆ ಏನೂ ಕೇಳಲಿಲ್ಲ. ಬಾಗಿಲ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದರು. "ಇದು ಕಾದಿದೆ ಮಾರಾಯ್ರೆ." ಆಮೇಲೆ ಕೆನ್ನೆಯನ್ನು ದಾರಂದಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ಅಂಚನ್ನು ಮೇಲಿಂದ ಕೆಳಗೆ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ನಡುವಿನಲ್ಲಿ ಬಾಗಿಲು ದಾರಂದದ ನಮ್ಮ ಕಡೆಯ ಪಟ್ಟಿಗೆ ಒತ್ತಿ ಕೂತಿತ್ತು. ಮೇಲಿನ ಮೂಲೆ ಒಳಕ್ಕೆ ಹೋಗಿತ್ತು, ಅಲ್ಲಿ ಪಟ್ಟಿಗೂ ಬಾಗಿಲಿಗೂ ನಡುವೆ ಉಗುರು ತೂರುವಷ್ಟು ಸಂದು. ಕಾದ ಹಪ್ಪಳ ಹೇಗೆ ಬಾಗುತ್ತದೆ, ಹಾಗೆ. ಬಿಸಿಲು ತಾಗಿದ ಮುಖ ಹಿಗ್ಗಿದೆ, ಎಸಿ ಕಡೆಯ ಮುಖ ಹಿಗ್ಗಿಲ್ಲ, ತಲೆ ರೂಮಿನ ಕಡೆಗೆ ಹೋಗಿದೆ, ಅಲ್ಲಿ ತೂತಿಗೆ ಕಚ್ಚಿಕೊಂಡಿರುವ ಬೋಲ್ಟ್ ಅದನ್ನು ತಡೆದು ಹಿಡಿದಿದೆ. ನಾವು ತಳ್ಳುತ್ತಿದ್ದುದೂ ಅದೇ ದಿಕ್ಕಿಗೆ. ತಳ್ಳಿದಷ್ಟೂ ಬೋಲ್ಟ್ ಬಿಗಿಯದೆ ಇನ್ನೇನಾಗುತ್ತದೆ?

"ಯಾರೂ ಮುಟ್ಟಬೇಡಿ" ಎಂದರು ಆಚಾರ್ರು. ಪೇಂಟರ್ ಬಿಟ್ಟುಹೋಗಿದ್ದ ಟಾರ್ಪಾಲನ್ನು ನಾನು ಕಿಟಕಿಗೆ ಕಟ್ಟಿದೆ. ಯಜಮಾನರ ತಮ್ಮ ಒದ್ದೆ ಬಟ್ಟೆ ತಂದು ಬಾಗಿಲು ಒರೆಸತೊಡಗಿದರು. ಆಚಾರ್ರು ಒಳಗಿನವರಿಗೆ ಮೆಲ್ಲ ಹೇಳಿದರು, "ಅಕ್ಕ, ಅಲ್ಲಿ ಸ್ಟೂಲ್ ಉಂಟಲ್ಲ, ಅದರ ಮೇಲೆ ನಿಂತು ಬಾಗಿಲಿನ ತಲೆಯನ್ನು ಅಂಗೈಯಲ್ಲಿ ನಮ್ಮ ಕಡೆಗೆ ಒತ್ತಿ. ಎಳೆಯಬೇಡಿ, ಒತ್ತಿ. ಒತ್ತಿಕೊಂಡೇ ಇನ್ನೊಂದು ಕೈಯಲ್ಲಿ ಬೋಲ್ಟ್ ಇಳಿಸಿ." ಮೊದಲ ಸಲ ಬರಲಿಲ್ಲ. ಒರೆಸುತ್ತಲೇ ಇದ್ದೆವು. ಆಮೇಲೆ ಠಕ್ ಎಂದು ಬೋಲ್ಟ್ ಇಳಿಯಿತು. ಅಕ್ಕ ಹೊರಗೆ ಬಂದವರೇ ಕೇಳಿದ್ದು, "ಹೊತ್ತು ಮೀರಲಿಲ್ಲ ಅಲ್ವಾ?"

ಮರುದಿನ ಪ್ರಾಜೆಕ್ಟ್ ಮ್ಯಾನೇಜರ್ ಬಂದದ್ದು ಬೆಳಿಗ್ಗೆ. ಬಾಗಿಲು ಮತ್ತೆ ನೆಟ್ಟಗೆ. ಸ್ಟ್ರೈಟ್ ಎಡ್ಜ್ ಇಟ್ಟು ನೋಡಿ, "ಏನೂ ಇಲ್ಲವಲ್ಲ, ಬೋಲ್ಟ್ ಡಿಫೆಕ್ಟ್ ಅಂತ ಬರೆದು ಕ್ಲೋಸ್ ಮಾಡು" ಎಂದರು. ಸಂಜೆ ನಾಲ್ಕೂವರೆಗೆ ನಾನು ಮತ್ತೆ ಹೋಗಿ ಮೇಲಿಂದ ಕೆಳಗೆ ದಾರ ಕಟ್ಟಿ ಅಳೆದೆ. ನಡುವಿನಲ್ಲಿ 6 ಮಿಮೀ ಬಾಗು. ಟೈಮ್ ಕಾಣುವ ಹಾಗೆ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಒಂದು ಹೆಬ್ಬೆರಳು ಬಂತು, ಅಷ್ಟೇ. ಬಿಸಿಲಿನ ದೂರನ್ನು ಬೆಳಿಗ್ಗೆ ಬಂದು ನೋಡಿದರೆ ಏನು ಕಂಡೀತು, ನೀವೇ ಹೇಳಿ.

ಈಗ ಬಾಗಿಲು ಆರಿಸುವವರಿಗೆ, ಸೈಟಿನಲ್ಲಿ ನಾನು ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಮೊದಲು ಪ್ಯಾಸೇಜಿನಲ್ಲಿ ಸಂಜೆ ಹೊತ್ತು ನಿಂತು ನೋಡಿ, ಬೆಳಿಗ್ಗೆಯೂ ನಿಲ್ಲಿ, ಮೂಡಣ ಕಿಟಕಿಯದ್ದೂ ಅದೇ ಕಥೆ. ಬಿಸಿಲು ನೇರ ಬೀಳುವ ಬಾಗಿಲಿಗೆ ಕಡು ಬಣ್ಣ ಬೇಡ. ಕಡು ಬಣ್ಣ ಬಿಸಿ ಹೀರಿಕೊಳ್ಳುತ್ತದೆ. ತಿಳಿ ಬಣ್ಣ ಹಾಕಿ, ಇಲ್ಲವೇ ಆ ಒಂದು ಬಾಗಿಲನ್ನು ಚೆನ್ನಾಗಿ ಹದಗೊಂಡ ಮರದಲ್ಲೇ ಮಾಡಿಸಿ. ಎಲ್ಲ ಬಾಗಿಲೂ ಒಂದೇ ಜಾತಿ ಇರಬೇಕೆಂದು ಯಾರೂ ಹೇಳಿಲ್ಲ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಬಾಗಿಲು ಎಂದರೆ ನಾಲ್ಕು ಥರದ ಮಾಲು ತೋರಿಸುತ್ತಾರೆ. ಪೊಳ್ಳು ಪಿವಿಸಿ ಅಗ್ಗ, ಹಗುರ, ಬಾತ್‌ರೂಮಿಗೆ ಸಾಕು. ಪ್ಯಾಸೇಜಿಗೆ ಬೇಡವೇ ಬೇಡ. ಒಳಗೆ ಖಾಲಿ ಇರುವುದರಿಂದ ಸ್ಕ್ರೂಗೆ ಹಿಡಿತವಿಲ್ಲ, ಟೀವಿ ಸದ್ದೂ ತಡೆಯುವುದಿಲ್ಲ. ಎಫ್‌ಆರ್‌ಪಿ ಅಂದರೆ ಗಾಜಿನ ನಾರಿನ ಚರ್ಮ, ಒಳಗೆ ಫೋಮ್. ನೀರಿಗೆ ಗಟ್ಟಿ, ಆದರೆ ಹಿಂಜ್ ಮತ್ತು ಲಾಕ್ ಕೂರುವ ಜಾಗದಲ್ಲಿ ಒಳಗೆ ಮರದ ತುಂಡು ಇಟ್ಟಿದ್ದಾರಾ ಎಂದು ಕೇಳಲೇಬೇಕು. ಯುಪಿವಿಸಿಯಲ್ಲಿ ಒಳಗೆ ಕಬ್ಬಿಣದ ಪೈಪ್ ಇದೆಯಾ ನೋಡಿ. ಇನ್ನು ಡಬ್ಲ್ಯೂಪಿಸಿ, ಪ್ಯಾಸೇಜಿಗೆ ಇವುಗಳಲ್ಲಿ ನನ್ನ ಓಟು ಇದಕ್ಕೇ. ಆದರೆ ಹೆಸರೊಂದೇ, ಒಳಗಿನ ಮಾಲು ನೂರೆಂಟು ಥರ.

ತೂಕ ನೋಡಿ. 7 ಅಡಿ, 3 ಅಡಿ, 30 ಮಿಮೀ ಶಟರ್, ಡೆನ್ಸಿಟಿ ಘನ ಮೀಟರಿಗೆ 600 ಕೆಜಿ ಇದ್ದರೆ ಸುಮಾರು 35 ಕೆಜಿ ಬರಬೇಕು. ಅಂಗಡಿಯವನು 600 ಎಂದು ಹೇಳಿ ಬಾಗಿಲು 27 ಕೆಜಿ ತೂಗಿದರೆ ಅದು 600 ಅಲ್ಲ. ಹಾಗೆಂದು ತೂಕ ಜಾಸ್ತಿ ಇದ್ದರೆ ಒಳ್ಳೆಯದೆಂದೂ ಅಲ್ಲ, ಕ್ಯಾಲ್ಸಿಯಂ ಪುಡಿ ತುಂಬಿ ತೂಕ ಬರಿಸುವವರೂ ಇದ್ದಾರೆ. ಅದಕ್ಕೆ ಆಚಾರ್ರ ಪರೀಕ್ಷೆ ಒಂದಿದೆ. ಅಂಗೈಯಗಲದ ಚೂರು ಇಸ್ಕೊಳ್ಳಿ, 3 ಮಿಮೀ ಡ್ರಿಲ್ ಬಿಟ್ಟಿನಲ್ಲಿ ಮೆಲ್ಲ ತೂತು ಕೊರೆಯಿರಿ. ಒಳ್ಳೆ ಮಾಲಾದರೆ ಬಿಟ್ಟಿನ ಸುತ್ತ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಮಡಚುತ್ತದೆ. ಕ್ಯಾಲ್ಸಿಯಂ ತುಂಬಿದ ಮಾಲಾದರೆ ಸುಣ್ಣದಂಥ ಬಿಳಿ ಪುಡಿ ಉದುರಿ ಬೆರಳಿಗೆ ಅಂಟುತ್ತದೆ. ಅದೇ ತೂತಿಗೆ ಸ್ಕ್ರೂ ಬಿಗಿದು, ಬಿಚ್ಚಿ, ಮತ್ತೆ ಬಿಗಿಯಿರಿ. ಎರಡನೇ ಸಲಕ್ಕೇ ಸುಮ್ನೆ ತಿರುಗಿದರೆ ಆ ಮಾಲು ಬೇಡ.

ಹಿಂಜ್ ಮೂರು ಸಾಲದು, ನಾಲ್ಕು ಹಾಕಿಸಿ, ಮೇಲಿನ ಎರಡು ಹತ್ತಿರ ಹತ್ತಿರ ಇರಲಿ. ಕಡಲಿನ ಗಾಳಿ ಇರುವ ಊರಲ್ಲಿ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಬೇಕು. ಸ್ಕ್ರೂವನ್ನು ಸುತ್ತಿಗೆಯಲ್ಲಿ ಹೊಡೆದು ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುವ ಹುಡುಗರಿದ್ದಾರೆ, ಪಕ್ಕದಲ್ಲೇ ನಿಂತು ತಪ್ಪಿಸಿ. ಏಳಡಿ ಶಟರ್ 20 ಡಿಗ್ರಿ ಕಾದರೆ ಹತ್ತಿರ ಹತ್ತಿರ 2 ಮಿಮೀ ಉದ್ದವಾಗುತ್ತದೆ. ಪ್ಲಾಸ್ಟಿಕ್ ಹಿಗ್ಗುವುದಿಲ್ಲವೆಂದು ಗ್ಯಾಪ್ ಕೊಡದೆ ಕೂರಿಸಿದರೆ ಸಂಜೆ ಹೊತ್ತು ಬಾಗಿಲಿನ ತಲೆ ದಾರಂದಕ್ಕೆ ತಾಗುತ್ತದೆ. ಸುತ್ತ 3 ಮಿಮೀ, ಕೆಳಗೆ 8 ಬಿಡಿಸಿ. ಲ್ಯಾಮಿನೇಟ್ ಹಾಕಿಸುವುದಾದರೆ ಎರಡೂ ಮುಖಕ್ಕೆ. ಖರ್ಚು ಉಳಿಸಲು ಒಂದೇ ಮುಖಕ್ಕೆ ಹಾಕಿದ ಬಾಗಿಲು ಬಿಸಿಲಿಲ್ಲದೆಯೂ ಬಾಗುತ್ತದೆ. ದಾರಂದದ ಸುತ್ತ ಪಿಯು ಫೋಮ್ ತುಂಬುವಾಗ ನಡುವೆ ಅಡ್ಡಕ್ಕೆ ಕೋಲು ಕೊಡದಿದ್ದರೆ ಫೋಮ್ ಉಬ್ಬಿ ದಾರಂದವನ್ನೇ ಒಳಕ್ಕೆ ತಳ್ಳುತ್ತದೆ, ಆಮೇಲೆ ಬಾಗಿಲನ್ನು ಬೈದು ಪ್ರಯೋಜನವಿಲ್ಲ. ಗಾಳಿಗೆ ಬಡಿಯದಂತೆ ಮ್ಯಾಗ್ನೆಟ್ ಸ್ಟಾಪರ್ ಮೊದಲ ದಿನವೇ ಹಾಕಿಸಿ. ಬೋಲ್ಟ್ ಬಾಗಿಲಿನ ತಲೆಗೆ ಬೇಡ, ಲಾಕಿನ ಹತ್ತಿರ ಸೊಂಟದ ಮಟ್ಟದಲ್ಲಿರಲಿ. ಬಾಗಿದಾಗ ಜಾಸ್ತಿ ಅಲುಗುವುದು ತಲೆ ಮತ್ತು ಕಾಲು, ನಡು ಪಟ್ಟಿಗೆ ಒರಗಿಕೊಂಡೇ ಇರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದನ್ನು ದಯವಿಟ್ಟು ಮರೆಯಬೇಡಿ. ಅವರನ್ನು ಸ್ಟೂಲ್ ಹತ್ತಿ ಎನ್ನಲು ಆಗುವುದಿಲ್ಲ.

ಉಡುಪಿಯ ಆ ಮನೆಯಲ್ಲಿ ಕಿಟಕಿಗೆ ಬ್ಲೈಂಡ್ ಹಾಕಿಸಿದೆವು, ಬೋಲ್ಟ್ ಕೆಳಗಿಳಿಸಿದೆವು, ಕೊನೆಗೆ ಶಟರನ್ನೂ ಬದಲಿಸಿ ತಿಳಿ ಬಣ್ಣದ್ದು ಕೂರಿಸಿದೆವು. ಯಜಮಾನರು ಒಳ್ಳೆಯ ಮನುಷ್ಯರು, ಒಂದು ಮಾತೂ ಆಡಲಿಲ್ಲ. ಮಾತು ಬಂದದ್ದು ನಮ್ಮ ಆಫೀಸಿನಲ್ಲಿ. ಹೊಸ ಶಟರಿನ ಹಣವನ್ನು ಆಚಾರ್ರ ಲೇಬರ್ ಬಿಲ್ಲಿನಿಂದ ಕಡಿಯಬೇಕಂತೆ, ಫಿಟಿಂಗ್ ಅವರದಂತೆ. ಬಣ್ಣ ಆರಿಸಿದ್ದು ಡಿಸೈನ್ ಟೀಮ್, ಮಾಲು ತರಿಸಿದ್ದು ಪರ್ಚೇಸ್, ಬೋಲ್ಟ್ ತಲೆಗೆ ಹಾಕಬೇಕೆಂದು ಡ್ರಾಯಿಂಗ್ ಕೊಟ್ಟದ್ದೂ ಆಫೀಸೇ. ಆಚಾರ್ರು ಕೂರಿಸಿದ ಹಿಂಜ್ ಅಷ್ಟು ಹೊಡೆತ ತಿಂದೂ ಬಿಟ್ಟುಕೊಡಲಿಲ್ಲ, ಅಕ್ಕ ಪೆಟ್ಟಿಲ್ಲದೆ ಹೊರಗೆ ಬಂದದ್ದು ಅದರಿಂದ. ಹಣ ಕಡಿಯುವ ಆ ಡೆಬಿಟ್ ನೋಟಿಗೆ ಸೈಟ್ ಸೂಪರ್‌ವೈಸರ್ ಸಹಿ ಬೇಕು. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಬಿಲ್ಲು ಇನ್ನೂ ಅಕೌಂಟ್ಸ್‌ನಲ್ಲೇ ಇದೆ.