ಹಿರಿಯರ ಶುಗರ್ ಇಳಿದಾಗ ಕೈ ನಡುಗುವ ತನಕ ಕಾಯಬೇಡಿ

"ಅಜ್ಜಾರಿಗೆ ವಯಸ್ಸಾತು, ಅರಳು ಮರಳು ಆಗೇತಿ." ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೀಗೆ ಅನ್ನುವ ಮೊದಲು ಒಮ್ಮೆ ಗ್ಲುಕೋಮೀಟರ್ ಹಚ್ಚಿ ನೋಡಬೇಕು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಇದ್ದಕ್ಕಿದ್ದಂತೆ ತೊದಲಿದರೆ, ಕೇಳಿದ್ದನ್ನೇ ಕೇಳಿದರೆ, ನಡೆಯುವಾಗ ಓಲಾಡಿದರೆ ಸಕ್ಕರೆ ಅಂಶ ಇಳಿದಿರಬಹುದು.

ರಕ್ತದ ಸಕ್ಕರೆ 70ರ (ಮಿ.ಗ್ರಾಂ/ಡೆ.ಲೀ.) ಹತ್ತಿರ ಬಂದಾಗ ಮೇದೋಜೀರಕ ಗ್ರಂಥಿ ಗ್ಲುಕಗಾನ್ ಎಂಬ ಹಾರ್ಮೋನು ಬಿಡುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಇಳಿಯುವುದು ಅದರಿಂದ. ಬೆನ್ನಿಗೇ ಅಡ್ರಿನಲಿನ್ ಏರುತ್ತದೆ. ಎದೆ ಡವಡವ, ಕೈ ನಡುಕ ಅದರದೇ ಕೆಲಸ. ವಯಸ್ಸಾದಂತೆ ಇವೆರಡೂ ಮಂದವಾಗಬಹುದು. ಬಹಳ ವರ್ಷ ಇನ್ಸುಲಿನ್ ಮೇಲಿದ್ದವರಲ್ಲಂತೂ ಗ್ಲುಕಗಾನ್ ಏಳುವುದೇ ಕಡಿಮೆ.

ನಿಜವಾದ ಅಪಾಯ ಮುಂದಿದೆ. ಮಧುಮೇಹವಿಲ್ಲದ ಗಂಡಸರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಹರೆಯದವರಿಗೆ ಸುಮಾರು 65ಕ್ಕೇ ಲಕ್ಷಣ ಗೊತ್ತಾಯಿತು, ಮೆದುಳು ನಿಧಾನವಾದದ್ದು ಅದಕ್ಕಿಂತ ಕೆಳಗೆ. ಏನಾದರೂ ತಿನ್ನಲು ನಡುವೆ ಅವಕಾಶವಿತ್ತು. 60 ದಾಟಿದವರಲ್ಲಿ ಎರಡೂ ಸುಮಾರು 54ಕ್ಕೆ ಒಟ್ಟಿಗೇ ಆದವು. ಹಸಿವು, ನಡುಕ ತಿಳಿಯುವ ಹೊತ್ತಿಗೆ ಡಬ್ಬಿ ತೆಗೆದು ಸಕ್ಕರೆ ತಿನ್ನುವ ವಿವೇಚನೆಯೂ ಕುಂದಿರುತ್ತದೆ. ಅದಕ್ಕೇ ಮನೆಮಂದಿಯ ಕಣ್ಣು ಬೇಕು. ಪ್ರೊಪ್ರನೊಲಾಲ್‌ನಂಥ ಬಿ.ಪಿ. ಮಾತ್ರೆ ಎದೆಬಡಿತ, ನಡುಕಗಳನ್ನೂ ಮುಚ್ಚಿಬಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ತಣ್ಣಗೆ ಒದ್ದೆಯಾದ ಹಣೆ, ಕುತ್ತಿಗೆ ಮುಟ್ಟಿ ನೋಡಿ.

70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ 15 ಗ್ರಾಂ ಗ್ಲುಕೋಸ್ ಪುಡಿ, ಇಲ್ಲವೇ ಒಂದು ದೊಡ್ಡ ಚಮಚ ಸಕ್ಕರೆ ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ. ಧಾರವಾಡ ಪೇಢೆ ಕೊಡಬೇಡಿ: ಖೋವಾದ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆ ನುಂಗುತ್ತಿದ್ದರೆ ಗ್ಲುಕೋಸೇ ಬೇಕು, ಆ ಮಾತ್ರೆ ಸಕ್ಕರೆ ಒಡೆಯುವುದನ್ನು ತಡೆಯುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ರೊಟ್ಟಿ, ಬೇಳೆ ಉಣಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗುವವರಲ್ಲಿ ಒಮ್ಮೆ ಏರಿದ್ದು ಮತ್ತೆ ಇಳಿಯಬಹುದು. ಕಿಡ್ನಿ ದುರ್ಬಲವಿದ್ದರೆ ಇನ್ನೂ ಹೆಚ್ಚು. ಚೇತರಿಸಿಕೊಂಡರೂ ಅಂದೇ ಡಾಕ್ಟರಿಗೆ ತೋರಿಸಿ, ಮಾತ್ರೆಯ ಪ್ರಮಾಣ ಕೇಳಿ. ಶ್ರಾವಣದ ಒಪ್ಪತ್ತು ಹಿಡಿಯುವ ಮೊದಲೂ ಇದೇ ಮಾತು ಕೇಳಬೇಕು.