ಸ್ಕಾಟ್ಲೆಂಡಿನಲ್ಲಿ ಹಿರಿಯರ ಜಾಡು ಹಿಡಿದು ಹೊರಡುವವರಿಗೆ

ನನ್ನ ಗಂಡನ ತಾಯಿಯ ಕಡೆಯವರು ಸ್ಕಾಟ್ಲೆಂಡಿನ ಡಂಡೀ ಊರಿನವರು. ಸೆಣಬಿನ ಗಿರಣಿಯಲ್ಲಿ ದುಡಿದ ಮನೆತನ. ಅವರ ಹಿಂದಿನವರು ಎಲ್ಲಿಂದ ಬಂದರು ಅಂತ ಹುಡುಕಿಕೊಂಡು ನಾವಿಬ್ಬರೂ ಹೋಗಿ ಬಂದೆವು. ಇಂಥದ್ದೇ ಪ್ರಯಾಣಕ್ಕೆ ಹೊರಟವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ವಿಮಾನದ ಟಿಕೆಟ್ ಮಾಡಿಸುವ ಮೊದಲು ಅರ್ಧ ಕೆಲಸ ಮನೆಯಲ್ಲೇ ಮುಗಿಸಿ. ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವ ಸರ್ಕಾರಿ ತಾಣದಲ್ಲಿ ಹೆಸರು ಹುಡುಕೋದಕ್ಕೆ ದುಡ್ಡಿಲ್ಲ. ಪುಟವನ್ನೇ ತೆರೆದು ನೋಡಲು ಕ್ರೆಡಿಟ್ ಕೊಳ್ಳಬೇಕು. ಶುರು ಮಾಡೋದು ಮರಣದ ದಾಖಲೆಯಿಂದ ಇರಲಿ. 1855ರ ಜನವರಿ 1ರಿಂದ ಜನನ, ಮದುವೆ, ಮರಣ ಎಲ್ಲವನ್ನೂ ಅಲ್ಲಿನ ಸರ್ಕಾರವೇ ಬರೆದಿಟ್ಟಿದೆ. ಮರಣದ ಪುಟದಲ್ಲಿ ಸತ್ತವರ ಅಪ್ಪನ ಹೆಸರು, ಅಮ್ಮನ ಹೆಸರು, ಮದುವೆಗೆ ಮುಂಚಿನ ಅಮ್ಮನ ಮನೆತನದ ಹೆಸರು ಕೂಡ ಸಿಗುತ್ತದೆ. 1860ರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತೀರಿಕೊಂಡಿದ್ದರೆ, ಒಂದೇ ಪುಟದಲ್ಲಿ ನೀವು ಹದಿನೆಂಟನೇ ಶತಮಾನಕ್ಕೆ ಹೋಗಿ ಮುಟ್ಟುತ್ತೀರಿ. ಆದರೆ ಅದು ಹೇಳಿ ಬರೆಸಿದವರಿಗೆ ಗೊತ್ತಿದ್ದಷ್ಟೇ ಮಾಹಿತಿ, ನೆನಪಿರಲಿ.

ನಿಮ್ಮವರ ಹೆಸರು 1855ರ ಜನನದ ಪುಸ್ತಕದಲ್ಲೇ ಸಿಕ್ಕರೆ ಲಾಟರಿ ಹೊಡೆದ ಹಾಗೆ. ಆ ಒಂದು ವರ್ಷ ಅಪ್ಪ ಅಮ್ಮನ ವಯಸ್ಸು, ಹುಟ್ಟಿದೂರು, ಮದುವೆಯಾದ ಜಾಗ, ಮಿಕ್ಕ ಮಕ್ಕಳ ಲೆಕ್ಕ ಎಲ್ಲ ಕೇಳಿ ಬರೆದಿದ್ದಾರೆ. ಕೆಲಸ ಜಾಸ್ತಿಯಾಯಿತು ಅಂತ ಮರುವರ್ಷವೇ ಕಡಿಮೆ ಮಾಡಿದರು.

ಜನಗಣತಿಯಲ್ಲಿ 1841ರದ್ದನ್ನು ಪೂರ್ತಿ ನಂಬಬೇಡಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಗಣತಿದಾರರಿಗೆ ಹೇಳಿದ್ದರು. ಹಾಗಾಗಿ 44 ವರ್ಷದವರು 40 ಆಗಿರುತ್ತಾರೆ. ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು ಯಾವುದು ಅಂತ ತಿಳಿಯೋದು 1851ರಿಂದ. ನನ್ನನ್ನು ಹಿಡಿದು ನಿಲ್ಲಿಸಿದ್ದು 1861ರ ಗಣತಿ. ಕಿಟಕಿ ಇರುವ ಕೋಣೆ ಎಷ್ಟು ಅಂತ ಆಗ ಪ್ರತಿ ಮನೆಯಲ್ಲೂ ಕೇಳಿದ್ದರು. ನಮ್ಮವರ ಸಾಲಿನ ಮುಂದೆ 1 ಅಂತಿದೆ. ಗಂಡ, ಹೆಂಡತಿ, ನಾಲ್ಕು ಮಕ್ಕಳು, ಬಾಡಿಗೆಗೆ ಬಂದ ಒಬ್ಬ ಹುಡುಗಿ. ಏಳು ಜನಕ್ಕೆ ಒಂದು ಕಿಟಕಿಯ ಕೋಣೆ. ಗಿರಣಿಯ ಬದುಕು ಹೇಗಿತ್ತು ಅಂತ ನನಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಎಡಿನ್‌ಬರೋದಲ್ಲಿ ವೇವರ್ಲಿ ರೈಲು ನಿಲ್ದಾಣದಿಂದ ಹೊರಬಂದರೆ ಈ ದಾಖಲೆಗಳನ್ನು ಕೂತು ನೋಡಬಹುದಾದ ಸರ್ಕಾರಿ ಕಟ್ಟಡ ಜನರಲ್ ರಿಜಿಸ್ಟರ್ ಹೌಸ್ ನಡೆದು ಹೋಗುವಷ್ಟು ಹತ್ತಿರ. ಒಂದು ದಿನದ ಶುಲ್ಕ ಕಟ್ಟಿ ಕುಳಿತರೆ ಎಷ್ಟು ಪುಟ ಬೇಕಾದರೂ ತೆರೆಯಬಹುದು. ಮನೆಯಿಂದ ನೋಡುವಾಗ ಜನನಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ವರ್ಷದ ತಡೆ ಇದೆ. ಅಲ್ಲಿ ಕುಳಿತರೆ ಈಚಿನದ್ದೂ ತೆರೆಯುತ್ತದೆ. ಹೋಗಲು ಇದೊಂದೇ ಕಾರಣ ಸಾಕು. ಸೀಟು ಮೊದಲೇ ಕಾಯ್ದಿರಿಸಿ.

ಹೆಚ್ಚಿನವರು ಕೈಚೆಲ್ಲೋದು 1855ಕ್ಕೂ ಹಿಂದಿನ ಚರ್ಚಿನ ಪುಸ್ತಕಗಳ ಹತ್ತಿರ ಬಂದಾಗ. ಅಲ್ಲಿ ಹೆಸರಿಲ್ಲ ಅಂದರೆ ದಾಖಲೆಯೇ ಇಲ್ಲ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದು, ಸುಮಾರು ಮೂರನೇ ಒಂದರಷ್ಟು ಪಾದ್ರಿಗಳು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಅವರ ಹಿಂದೆ ಹೋದ ಕುಟುಂಬಗಳ ಮಕ್ಕಳ ಹೆಸರು ಬೇರೆ ಪುಸ್ತಕದಲ್ಲಿರಬಹುದು. ಅದೂ ಇಲ್ಲವಾದರೆ ಕರ್ಕ್ ಸೆಷನ್ ನಡಾವಳಿ ತೆರೆಯಿರಿ. ಇದು ಊರ ಚರ್ಚಿನ ಹಿರಿಯರು ಕೂತು ಪಂಚಾಯ್ತಿ ಮಾಡಿದ ಪುಸ್ತಕ. 2021ರಿಂದ ಇದರ ಪುಟಗಳನ್ನು ಆಗಲೇ ಹೇಳಿದ ಸರ್ಕಾರಿ ತಾಣದಲ್ಲೇ ಪುಕ್ಕಟೆ ನೋಡಬಹುದು. ಹೆಸರಿನಿಂದ ಹುಡುಕಲು ಬರೋದಿಲ್ಲ. ಪುಟ ತಿರುವುತ್ತಾ ಓದಬೇಕು, ಕೈಬರಹವೂ ಕಷ್ಟ.

ನಮ್ಮ ಗಂಟು ಬಿಡಿಸಿಕೊಂಡಿದ್ದು ಅಲ್ಲೇ. ಡಂಡೀಗೆ ಉತ್ತರದಲ್ಲಿರುವ ಸಣ್ಣ ಊರಾದ ಕಿರಿಮ್ಯೂರ್‌ನಲ್ಲಿ ಹುಟ್ಟಿದ ಮಗುವೊಂದರ ದೀಕ್ಷಾಸ್ನಾನದ ಸಾಲಿನಲ್ಲಿ ತಾಯಿಯ ಹೆಸರು ಮಾತ್ರ ಇತ್ತು. ಅದಕ್ಕೂ ಕೆಲವು ತಿಂಗಳ ಹಿಂದಿನ ನಡಾವಳಿಯಲ್ಲಿ ಆ ಹುಡುಗಿಯನ್ನು ಹಿರಿಯರ ಮುಂದೆ ಕರೆಸಿದ್ದಾರೆ. ಅಪ್ಪ ಯಾರು ಅಂತ ಕೇಳಿದ್ದಾರೆ. ಅವಳು ಒಬ್ಬ ನೇಕಾರನ ಹೆಸರು ಹೇಳಿದ್ದಾಳೆ. ಮುಂದಿನ ಸಭೆಗೆ ಅವನೂ ಬಂದು ಒಪ್ಪಿಕೊಂಡಿದ್ದಾನೆ. ಕೆಳಗೆ ಅವಳ ಸಹಿ ಇಲ್ಲ, ಒಂದು ಗೀಟಿನ ಗುರುತು ಮಾತ್ರ. ಅಷ್ಟು ಗಂಡಸರ ಮುಂದೆ ಒಬ್ಬಳೇ ನಿಂತವಳು ಅವಳು. ಓದುತ್ತಾ ನನಗೆ ಸಂಕಟವಾಯಿತು. ಅವಳು ಬಾಯಿಬಿಟ್ಟು ಹೇಳಿದ್ದಕ್ಕೇ ಅಲ್ವಾ ಈ ಮನೆತನಕ್ಕೆ ಒಬ್ಬ ಮುತ್ತಾತನ ಹೆಸರು ದಕ್ಕಿದ್ದು?

ಎಡಿನ್‌ಬರೋದಿಂದ ಡಂಡೀಗೆ ನೇರ ರೈಲಿದೆ. ಫೋರ್ತ್, ಟೇ ಎರಡೂ ದೊಡ್ಡ ಸೇತುವೆಗಳ ಮೇಲೆ ಹೋಗುತ್ತದೆ, ಹಗಲಲ್ಲೇ ಹೋಗಿ. ಡಂಡೀಯಲ್ಲಿ ವರ್ಡಂಟ್ ವರ್ಕ್ಸ್ ಅನ್ನುವ ಹಳೇ ಸೆಣಬಿನ ಗಿರಣಿ ಈಗ ಮ್ಯೂಸಿಯಂ. ನಮ್ಮ ಬಂಗಾಳದ ಸೆಣಬು ಬಂದು ಇಳಿದ ಊರು ಅದು. ಮಗ್ಗಗಳು ಓಡುವಾಗಿನ ಸದ್ದು ಕೇಳಿಯೇ ಬನ್ನಿ.

ಕಿರಿಮ್ಯೂರ್‌ಗೆ ರೈಲಿಲ್ಲ, ಬಸ್ಸೇ ಗತಿ. ಭಾನುವಾರ ಬಿಟ್ಟು ಹೋಗಿ. ಅಲ್ಲಿನ ಸಮಾಧಿ ಕಲ್ಲುಗಳು ಕೆಂಪು ಮರಳುಗಲ್ಲಿನವು, ಅಕ್ಷರ ಪದರ ಪದರವಾಗಿ ಉದುರಿ ಹೋಗಿರುತ್ತವೆ. ಕೈಯಿಂದ ಉಜ್ಜಬೇಡಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಫೋಟೋ ತೆಗೆದರೆ ಓದಲು ಬರುತ್ತದೆ. ಅದಕ್ಕೂ ಮೊದಲು ಡಂಡೀಯ ಟೇ ವ್ಯಾಲಿ ಫ್ಯಾಮಿಲಿ ಹಿಸ್ಟರಿ ಸೊಸೈಟಿಯಲ್ಲಿ ವಿಚಾರಿಸಿ. ಇಂಥ ಸಂಘಗಳವರು ಸಮಾಧಿ ಬರಹಗಳನ್ನು ಬರೆದಿಟ್ಟುಕೊಂಡಿರುತ್ತಾರೆ. ಈಗ ಅಳಿಸಿಹೋದ ಕಲ್ಲಿನ ಸಾಲುಗಳೂ ಅದರಲ್ಲಿ ಸಿಗಬಹುದು.